ಸ್ಪಂಜೇ ಸಾಕು: ಸಾಂಗಲಿ–ಮಿರಜದ ಮನೆಯ ಮೀನಿನ ತೊಟ್ಟಿಗೆ ಯಾವ ಫಿಲ್ಟರ್?

ಎರಡಡಿಯ ಗಾಜಿನ ತೊಟ್ಟಿ ಕೊಳ್ಳಲು ಹೋದವರ ಮುಂದೆ ಅಂಗಡಿಯವರು ಫಿಲ್ಟರಿನ ಡಬ್ಬಿ ಇಟ್ಟು ತೋರಿಸುವುದು ಒಂದೇ ಅಂಕಿ: ಗಂಟೆಗೆ ಎಷ್ಟು ಲೀಟರ್ ನೀರು ತಿರುಗಿಸುತ್ತದೆ ಎನ್ನುವುದು. 300, 500, 800. ಅಂಕಿ ದೊಡ್ಡದಾದಷ್ಟೂ ನೀರು ಶುದ್ಧ, ಮೀನು ಸುಖಿ ಎಂಬ ನಂಬಿಕೆಯಲ್ಲಿ ಕೈಯಲ್ಲಿರುವ ದುಡ್ಡಿಗೆ ಎಷ್ಟು ದೊಡ್ಡದು ಬರುತ್ತದೋ ಅಷ್ಟು ದೊಡ್ಡದನ್ನು ಹೊತ್ತು ತರುತ್ತೇವೆ. ಸಾಂಗಲಿ, ಮಿರಜ, ಕುಪವಾಡದ ಮನೆಗಳಿಗೆ ಈ ಅಂಕಿಯಿಂದ ಹೆಚ್ಚಿನ ಉಪಯೋಗವಿಲ್ಲ. ಆಸ್ಪತ್ರೆಗೋ ಪೇಟೆಗೋ ಮಿರಜಕ್ಕೆ ಬಂದು ಮರಳುವಾಗ ಮಕ್ಕಳ ಹಟಕ್ಕೆ ನಾಲ್ಕು ಮೀನು ಕೊಂಡೊಯ್ಯುವ ಕಾಗವಾಡ, ಉಗಾರ, ಅಥಣಿಯ ಮನೆಗಳಿಗೂ ಇಲ್ಲ. ಅಂಗಡಿಯಲ್ಲಿ ಕೇಳಬೇಕಾದ ಪ್ರಶ್ನೆ ಬೇರೆ ಇದೆ. ಏಪ್ರಿಲ್‌ನ ಮಧ್ಯಾಹ್ನ ಕರೆಂಟ್ ಹೋಗಿ ನಾಲ್ಕು ತಾಸಿನ ಮೇಲೆ ಬಂದರೆ, ಆ ನಾಲ್ಕು ತಾಸಿನಲ್ಲಿ ಈ ಫಿಲ್ಟರಿನ ಒಳಗೆ ಏನಾಗುತ್ತದೆ, ಕರೆಂಟ್ ಬಂದ ಮರುಕ್ಷಣ ಇದು ಏನು ಮಾಡುತ್ತದೆ? ಈ ಪ್ರಶ್ನೆಗೆ ನೆಮ್ಮದಿಯ ಉತ್ತರ ಕೊಡುವುದು ಅಂಗಡಿಯ ಮೂಲೆಯಲ್ಲಿ ತೂಗುಹಾಕಿರುವ, ಎಲ್ಲಕ್ಕಿಂತ ಅಗ್ಗದ ಸ್ಪಂಜ್ ಫಿಲ್ಟರ್ ಮತ್ತು ಅದಕ್ಕೆ ಗಾಳಿ ಊದುವ ಪುಟ್ಟ ಏರ್ ಪಂಪ್. ಅಗ್ಗವೆಂಬ ಕಾರಣಕ್ಕೆ ಇದನ್ನು ಹೇಳುತ್ತಿಲ್ಲ. ಇಲ್ಲಿನ ನೀರು, ಇಲ್ಲಿನ ಬಿಸಿಲು, ಇಲ್ಲಿನ ವಿದ್ಯುತ್ತು ಮೂರನ್ನೂ ಲೆಕ್ಕಕ್ಕೆ ತೆಗೆದುಕೊಂಡರೆ ಇದೇ ಸರಿಯಾದ ಆಯ್ಕೆ.

ಮೊದಲು ಫಿಲ್ಟರ್ ಯಾವುದಕ್ಕೆ ಬೇಕು ಎನ್ನುವುದು ಸ್ಪಷ್ಟವಾಗಬೇಕು. ನೀರಿನಲ್ಲಿ ತೇಲುವ ಕಸ ಹಿಡಿಯುವುದು ಅದರ ಚಿಕ್ಕ ಕೆಲಸ. ದೊಡ್ಡ ಕೆಲಸ ಕಣ್ಣಿಗೆ ಕಾಣುವುದಿಲ್ಲ. ಮೀನು ತಿಂದ ಪ್ರೋಟೀನಿನ ಸಾರಜನಕದಲ್ಲಿ ಬಹುಪಾಲು ಅಮೋನಿಯಾ ಆಗಿ ಕಿವಿರಿನ ಮೂಲಕವೇ ನೀರಿಗೆ ಬರುತ್ತದೆ. ಲೆಕ್ಕ ಹಾಕಿ ನೋಡೋಣ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿಯಲ್ಲಿ ತಳದ ಕಲ್ಲು, ಮೇಲಿನ ಖಾಲಿ ಜಾಗ ಬಿಟ್ಟರೆ ಸುಮಾರು 45 ಲೀಟರ್ ನೀರು ಇರುತ್ತದೆ. ದಿನಕ್ಕೆ ಒಂದು ಗ್ರಾಂ ಆಹಾರ ಹಾಕಿದಿರಿ, ಅದರಲ್ಲಿ ಪ್ರೋಟೀನು ಶೇಕಡಾ 40 ಎಂದುಕೊಳ್ಳಿ. ಪ್ರೋಟೀನಿನ ಶೇಕಡಾ 16ರಷ್ಟು ಸಾರಜನಕ, ಅಂದರೆ 64 ಮಿಲಿಗ್ರಾಂ. ಅದರಲ್ಲಿ ಅರ್ಧ ಅಮೋನಿಯಾ ಆಗಿ ಹೊರಬಂದರೂ 32 ಮಿಲಿಗ್ರಾಂ ಆಯಿತು, ಲೀಟರಿಗೆ 0.7 ಮಿಲಿಗ್ರಾಂ. ಇದು ಒಂದೇ ದಿನದ ಬಾಬತ್ತು. ನೀರು ಸ್ಫಟಿಕದ ಹಾಗೆ ತಿಳಿಯಾಗಿಯೇ ಇರುತ್ತದೆ, ಮೀನು ಮಾತ್ರ ಮೇಲಕ್ಕೆ ಬಂದು ಬಾಯಿ ತೆರೆಯುತ್ತಿರುತ್ತದೆ. ‘ಹೊಸ ತೊಟ್ಟಿ, ಹೊಸ ನೀರು, ಆದರೂ ವಾರದಲ್ಲಿ ಮೀನೆಲ್ಲ ಹೋದವು’ ಎಂಬ ಮಾತಿನ ಹಿಂದೆ ಬಹಳ ಸಲ ಇರುವುದು ಈ ಕಾಣದ ಅಮೋನಿಯಾ.

ಇದನ್ನು ಕರಗಿಸುವುದು ಯಂತ್ರವಲ್ಲ, ಜೀವಿಗಳು. ಒಂದು ಬಗೆಯ ಸೂಕ್ಷ್ಮಜೀವಿಗಳು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ನೈಟ್ರೈಟನ್ನು ಅಷ್ಟೇನೂ ಹಾನಿಯಲ್ಲದ ನೈಟ್ರೇಟ್ ಮಾಡುತ್ತವೆ. ಕೆಲಸ ಎರಡು ಹಂತಗಳಲ್ಲಿ ನಡೆಯುತ್ತದೆ ಎಂಬುದನ್ನು ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ಸೆರ್ಗೈ ವಿನೊಗ್ರಾಡ್‌ಸ್ಕಿ ತೋರಿಸಿದ. ಮನೆಯ ಅಕ್ವೇರಿಯಂಗಳಲ್ಲಿ ಎರಡನೆಯ ಹಂತವನ್ನು ನಿಭಾಯಿಸುವುದು ಎಲ್ಲರೂ ನಂಬಿದ್ದ ನೈಟ್ರೋಬ್ಯಾಕ್ಟರ್ ಅಲ್ಲ, ನೈಟ್ರೋಸ್ಪೈರಾ ಎಂಬುದು ಟಿಮತಿ ಹೊವಾನೆಕ್ ಮತ್ತು ಸಂಗಡಿಗರ ಅಧ್ಯಯನದಿಂದ 1998ರಲ್ಲಿ ತಿಳಿಯಿತು. 2015ರಲ್ಲಿ ಇನ್ನೂ ಅಚ್ಚರಿಯ ಸಂಗತಿ ಹೊರಬಿತ್ತು: ಎರಡೂ ಹಂತವನ್ನು ಒಂಟಿಯಾಗಿಯೇ ಮುಗಿಸುವ ನೈಟ್ರೋಸ್ಪೈರಾ ತಳಿಗಳೂ ಇವೆ, ಅವು ಸಿಕ್ಕ ತಾಣಗಳಲ್ಲಿ ಮೀನು ಸಾಕಣೆಯ ಬಯೋಫಿಲ್ಟರ್ ಕೂಡ ಒಂದು. ಫಿಲ್ಟರ್ ಕೊಳ್ಳುವವರು ಇದರಲ್ಲಿ ನೆನಪಿಡಬೇಕಾದ್ದು ಮೂರು ಗುಣ. ಈ ಜೀವಿಗಳು ನೀರಿನಲ್ಲಿ ತೇಲಾಡಿಕೊಂಡಿರುವುದಿಲ್ಲ, ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ತೀರಾ ನಿಧಾನವಾಗಿ ಬೆಳೆಯುತ್ತವೆ, ಹೊಸ ತೊಟ್ಟಿಯಲ್ಲಿ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಬೇಕು. ಮತ್ತು ಅವಕ್ಕೆ ಆಮ್ಲಜನಕ ಬಿಟ್ಟೂಬಿಡದೆ ಸಿಗುತ್ತಿರಬೇಕು. ಹಾಗಾಗಿ ನಾವು ಕೊಳ್ಳುವ ಫಿಲ್ಟರ್ ಎನ್ನುವುದು ಇವುಗಳಿಗೆ ಕಟ್ಟಿಕೊಡುವ ಮನೆ. ಆ ಮನೆಯಲ್ಲಿ ಉಸಿರು ಕಟ್ಟದಿರಲಿ ಎಂಬುದೇ ಆಯ್ಕೆಯ ಮೊದಲ ಮಾನದಂಡ.

ಈಗ ಇಲ್ಲಿನ ನೀರಿನ ಮಾತಿಗೆ ಬರೋಣ. ಸಾಂಗಲಿ–ಮಿರಜ–ಕುಪವಾಡ ಮಹಾನಗರಪಾಲಿಕೆಯ ನಳಕ್ಕೆ ಬರುವುದು ಕೃಷ್ಣೆಯ ನೀರು. ಮಹಾಬಳೇಶ್ವರದಿಂದ ಇಳಿದು ದಖ್ಖನದ ಕರಿಕಲ್ಲು, ಎರೆಮಣ್ಣಿನ ಮೇಲೆ ಹರಿದು ಬರುವ ಈ ನೀರು ಸಾಮಾನ್ಯವಾಗಿ ಕ್ಷಾರದ ಕಡೆಗೆ ವಾಲಿರುತ್ತದೆ, ಪಿಎಚ್ 7.5ರಿಂದ 8.5ರ ನಡುವೆ. ಬೋರಿನ ನೀರಾದರೆ ಇನ್ನೂ ಗಡಸು. ಪಾತ್ರೆಗೆ ಬಿಳಿ ಪೊರೆ ಕಟ್ಟುವ ಸವುಳು ನೀರು. ಕ್ಷಾರದ ನೀರಿನಲ್ಲಿ ಅಮೋನಿಯಾ ಹೆಚ್ಚು ವಿಷ. ನೀರಿನಲ್ಲಿ ಅಮೋನಿಯಾ ಎರಡು ರೂಪದಲ್ಲಿರುತ್ತದೆ. ಒಂದು ರೂಪ ಮೀನಿಗೆ ಅಷ್ಟು ತಗಲುವುದಿಲ್ಲ, ಇನ್ನೊಂದು ಕಿವಿರಿನ ಮೂಲಕ ನೇರ ರಕ್ತಕ್ಕೆ ನುಗ್ಗುತ್ತದೆ. ಪಿಎಚ್ 7, ಉಷ್ಣತೆ 25 ಡಿಗ್ರಿ ಇದ್ದಾಗ ವಿಷದ ರೂಪ ಒಟ್ಟು ಅಮೋನಿಯಾದ ಶೇಕಡಾ 0.6 ಮಾತ್ರ. ಪಿಎಚ್ 8, ಉಷ್ಣತೆ 30 ಡಿಗ್ರಿ ಆದರೆ ಅದು ಶೇಕಡಾ 7.5ಕ್ಕೆ ಏರುತ್ತದೆ. ಪಿಎಚ್ 8.5 ಆದರೆ ಶೇಕಡಾ 20. ಮೇಲೆ ಲೆಕ್ಕ ಹಾಕಿದ ಒಂದು ದಿನದ 0.7 ಮಿಲಿಗ್ರಾಂ ಅಮೋನಿಯಾ, ಮೆದುನೀರಿನ ತಂಪು ಊರಿನಲ್ಲಿ ಲೀಟರಿಗೆ 0.004 ಮಿಲಿಗ್ರಾಂ ವಿಷವಾದರೆ, ಸಾಂಗಲಿಯ ಬೇಸಿಗೆಯಲ್ಲಿ 0.05 ಮಿಲಿಗ್ರಾಂ ಆಗುತ್ತದೆ. ಕಿವಿರಿಗೆ ಹಾನಿ ಶುರುವಾಗುವುದು ಸರಿಸುಮಾರು ಇದೇ ಮಟ್ಟದಲ್ಲಿ. ಬೇರೆ ಊರಿನವರು ‘ನಮ್ಮಲ್ಲಿ ಫಿಲ್ಟರ್ ಎರಡು ದಿನ ನಿಂತರೂ ಏನೂ ಆಗಲಿಲ್ಲ’ ಎಂದರೆ ಅದು ಅವರ ನೀರಿನ ಮಟ್ಟಿಗೆ ನಿಜ. ನಮ್ಮ ನೀರಿಗೆ ಆ ಸಲಿಗೆ ಇಲ್ಲ.

ಆಮ್ಲಜನಕದ ಲೆಕ್ಕವನ್ನು ಇನ್ನೂ ಕಡಿಮೆ ಜನ ಹಾಕುತ್ತಾರೆ, ನನ್ನ ವಾದ ಮುಖ್ಯವಾಗಿ ನಿಂತಿರುವುದು ಅದರ ಮೇಲೆಯೇ. ನೀರು ಬಿಸಿಯಾದಷ್ಟೂ ಅದರಲ್ಲಿ ಆಮ್ಲಜನಕ ಕಡಿಮೆ ಕರಗುತ್ತದೆ. 20 ಡಿಗ್ರಿಯಲ್ಲಿ ಲೀಟರಿಗೆ 9 ಮಿಲಿಗ್ರಾಂ ಹಿಡಿಯುವ ನೀರು, 30 ಡಿಗ್ರಿಯಲ್ಲಿ, ಸಾಂಗಲಿಯ ಎತ್ತರದಲ್ಲಿ, ಹಿಡಿಯುವುದು ಸುಮಾರು 7 ಮಿಲಿಗ್ರಾಂ. ಅಂದರೆ ನಮ್ಮ 45 ಲೀಟರಿನ ತೊಟ್ಟಿಯಲ್ಲಿ ಯಾವ ಕ್ಷಣಕ್ಕೂ ಇರಬಹುದಾದ ಆಮ್ಲಜನಕ ಹೆಚ್ಚೆಂದರೆ 315 ಮಿಲಿಗ್ರಾಂ. ಒಂದು ಗ್ರಾಂ ಅಮೋನಿಯಾ-ಸಾರಜನಕವನ್ನು ನೈಟ್ರೇಟ್ ಮಾಡಲು ಸೂಕ್ಷ್ಮಜೀವಿಗಳಿಗೆ ಬೇಕಾಗುವುದು 4.57 ಗ್ರಾಂ ಆಮ್ಲಜನಕ. ನಮ್ಮ 32 ಮಿಲಿಗ್ರಾಮಿಗೆ 146 ಮಿಲಿಗ್ರಾಂ ಬೇಕು. ಫಿಲ್ಟರ್ ಒಂದೇ ತೊಟ್ಟಿಯ ಅರ್ಧದಷ್ಟು ಆಮ್ಲಜನಕವನ್ನು ದಿನವೂ ಉಣ್ಣುತ್ತದೆ. ಮೀನುಗಳ ಉಸಿರಾಟ ಅದಕ್ಕಿಂತ ಹೆಚ್ಚಿನದು, ತಳದಲ್ಲಿ ಕೊಳೆಯುವ ಆಹಾರದ್ದು ಬೇರೆ. 2023ರ ಮಾರ್ಚ್‌ನಲ್ಲಿ ಸಾಂಗಲಿಯ ಹತ್ತಿರ ಕೃಷ್ಣೆಯಲ್ಲಿಯೇ ಮೀನುಗಳು ರಾಶಿ ರಾಶಿಯಾಗಿ ಸತ್ತು ತೇಲಿದ್ದು ಈ ಭಾಗದವರಿಗೆ ಮರೆತಿರಲಾರದು. ಬೇಸಿಗೆಯ ಇಳಿನೀರಿಗೆ ಕೊಳೆಯುವ ತ್ಯಾಜ್ಯ ಸೇರಿದರೆ ಅಷ್ಟು ದೊಡ್ಡ ಹೊಳೆಯೇ ಉಸಿರು ಕಳೆದುಕೊಳ್ಳಬಲ್ಲದು. ಅಂದಮೇಲೆ 45 ಲೀಟರಿನ ತೊಟ್ಟಿಯಲ್ಲಿ ಫಿಲ್ಟರ್ ಆಮ್ಲಜನಕವನ್ನು ತಿನ್ನುವುದಷ್ಟೇ ಅಲ್ಲ, ತಾನು ತಿಂದದ್ದಕ್ಕಿಂತ ಹೆಚ್ಚು ತಂದೂ ಕೊಡಬೇಕು.

ಈ ಎರಡು ಲೆಕ್ಕಗಳನ್ನು ಕೈಯಲ್ಲಿಟ್ಟುಕೊಂಡು ಕರೆಂಟ್ ಹೋದಾಗ ಯಾವ ಫಿಲ್ಟರಿನಲ್ಲಿ ಏನಾಗುತ್ತದೆ ಎಂದು ನೋಡಬೇಕು. ಮಳೆಗಾಲದ ಗಾಳಿಗೆ ತಂತಿ ಹರಿಯುವುದು, ಬೇಸಿಗೆಯಲ್ಲಿ ಟ್ರಾನ್ಸ್‌ಫಾರ್ಮರ್ ಕೈಕೊಡುವುದು ಮಹಾರಾಷ್ಟ್ರದ ವಿದ್ಯುತ್ ಕಂಪನಿ ಮಹಾವಿತರಣದ ಸೀಮೆಯಲ್ಲೂ ಉಂಟು, ಕರ್ನಾಟಕದ ಹೆಸ್ಕಾಂ ಸೀಮೆಯಲ್ಲೂ ಉಂಟು. ಎಲ್ಲಕ್ಕಿಂತ ದುಬಾರಿಯಾದ ಕ್ಯಾನಿಸ್ಟರ್ ಫಿಲ್ಟರೇ ಇಲ್ಲಿ ಎಲ್ಲಕ್ಕಿಂತ ಅಪಾಯಕಾರಿ. ಅದು ತೊಟ್ಟಿಯ ಹೊರಗಿರುವ ಮುಚ್ಚಿದ ಡಬ್ಬಿ. ಹರಿವು ನಿಂತ ಕೂಡಲೇ ಒಳಗಿನ ಜೀವಿಗಳು ಡಬ್ಬಿಯಲ್ಲಿ ಉಳಿದ ಆಮ್ಲಜನಕವನ್ನು ಬಳಸಿ ಮುಗಿಸುತ್ತವೆ. ಕೆಲವೇ ತಾಸುಗಳಲ್ಲಿ ಅವು ಸಾಯಲು, ಒಳಗಿನ ಕೊಳಕು ಕೊಳೆಯಲು ಶುರುವಾಗುತ್ತದೆ. ಕರೆಂಟ್ ಬಂದ ಕ್ಷಣ ಆ ನಾರುವ ನೀರೆಲ್ಲ ಒಂದೇ ಸಲ ತೊಟ್ಟಿಗೆ ಸುರಿಯುತ್ತದೆ. ಕ್ಯಾನಿಸ್ಟರ್ ಈಗಾಗಲೇ ಇದ್ದವರು ಎರಡು-ಮೂರು ತಾಸಿಗಿಂತ ಹೆಚ್ಚು ಕರೆಂಟ್ ಹೋಗಿದ್ದರೆ ಸ್ವಿಚ್ ತೆಗೆದಿಟ್ಟು, ಡಬ್ಬಿ ಬಿಚ್ಚಿ, ಒಳಗಿನ ನೀರು ಚೆಲ್ಲಿ, ತೊಳೆದ ಮೇಲಷ್ಟೇ ಚಾಲೂ ಮಾಡಬೇಕು. ನಡುರಾತ್ರಿ ಕರೆಂಟ್ ಬಂದರೆ ಈ ಕೆಲಸಕ್ಕೆ ಯಾರು ಎದ್ದಿರುತ್ತಾರೆ? ಗಾಜಿನ ಅಂಚಿಗೆ ನೇತುಹಾಕುವ ಹ್ಯಾಂಗ್-ಆನ್ ಫಿಲ್ಟರಿನ ತೊಂದರೆ ಇನ್ನೊಂದು ಥರ. ಕೆಲವು ಮಾದರಿಗಳಲ್ಲಿ ಕೊಳವೆಯ ನೀರು ಕೆಳಗಿಳಿದುಬಿಟ್ಟರೆ ಮೋಟಾರು ಮತ್ತೆ ತಾನಾಗಿ ನೀರೆಳೆಯುವುದಿಲ್ಲ. ಒಣಗಿದ್ದಲ್ಲೇ ತಿರುಗಿ ತಿರುಗಿ ಸುಡುತ್ತದೆ. ನೀರಿನೊಳಗೆ ಮುಳುಗಿಸಿಡುವ ಇಂಟರ್ನಲ್ ಫಿಲ್ಟರ್ ತಾನಾಗಿ ಶುರುವಾಗುತ್ತದೆ, ಆದರೆ ಪ್ಲಾಸ್ಟಿಕ್ ಗೂಡಿನೊಳಗೆ ಸ್ಪಂಜು ಮುಚ್ಚಿಕೊಂಡಿರುವುದರಿಂದ ನಿಂತಾಗ ಅದಕ್ಕೂ ಉಸಿರು ಕಷ್ಟ. ತೊಟ್ಟಿಯ ನೆತ್ತಿಯ ಮೇಲೆ ಕೂರುವ ಟಾಪ್ ಫಿಲ್ಟರ್ ಮಾತ್ರ ಸ್ವಲ್ಪ ವಾಸಿ. ನೀರು ಮೇಲಿನಿಂದ ಬೀಳುವುದರಿಂದ ಗಾಳಿ ಬೆರೆಯುತ್ತದೆ, ನಿಂತಾಗಲೂ ಒದ್ದೆ ಹತ್ತಿ ಗಾಳಿಗೆ ತೆರೆದಿರುತ್ತದೆ. ಕೆಲವು ತಾಸು ತಡೆಯುತ್ತದೆ, ಒಣಗುವ ತನಕ.

ಸ್ಪಂಜ್ ಫಿಲ್ಟರ್ ಹೇಗೆ ಬೇರೆ? ತೂತುತೂತಾದ ಒಂದು ಸ್ಪಂಜಿನ ಉಂಡೆ, ಅದರ ನಡುವೆ ಮೇಲಕ್ಕೆ ನಿಂತ ಕೊಳವೆ, ಕೊಳವೆಯ ಬುಡಕ್ಕೆ ಪಂಪಿನಿಂದ ಬರುವ ಗಾಳಿ. ಗುಳ್ಳೆ ಬೆರೆತ ನೀರು ಹಗುರಾಗಿ ಕೊಳವೆಯಲ್ಲಿ ಮೇಲೇರುತ್ತದೆ, ಅದರ ಜಾಗ ತುಂಬಲು ಸುತ್ತಲಿನ ನೀರು ಸ್ಪಂಜಿನ ಮೂಲಕ ಒಳಬರುತ್ತದೆ. ತಿರುಗುವ ಭಾಗ ಒಂದೂ ನೀರಿನಲ್ಲಿಲ್ಲ. ಕರೆಂಟ್ ಹೋದರೆ ಸ್ಪಂಜು ಡಬ್ಬಿಯಲ್ಲಿ ಸಿಕ್ಕಿಬೀಳದೆ ತೊಟ್ಟಿಯ ಅಷ್ಟೂ ನೀರಿನ ನಡುವೆಯೇ ಇರುತ್ತದೆ; ಬಂದರೆ ಯಾರೂ ಮುಟ್ಟದೆ ಮತ್ತೆ ಗುಳ್ಳೆ ಏಳುತ್ತದೆ. ಗುಳ್ಳೆಗಳು ಮೇಲ್ಮೈಯನ್ನು ಕಲಕುತ್ತಲೇ ಇರುವುದರಿಂದ ಆಮ್ಲಜನಕ ಒಳಬರುವ ಕೆಲಸ ಫಿಲ್ಟರಿನ ಕೆಲಸದ ಜೊತೆಗೇ ನಡೆಯುತ್ತದೆ. ಬೇಸಿಗೆಗೆ ಇನ್ನೊಂದು ಲಾಭವೂ ಇದೆ. ನೀರಲ್ಲಿ ಮುಳುಗಿದ ಮೋಟಾರು ತಿನ್ನುವ ವಿದ್ಯುತ್ತೆಲ್ಲ ಕೊನೆಗೆ ಶಾಖವಾಗಿ ಆ ನೀರಿಗೇ ಸೇರುತ್ತದೆ. ಏರ್ ಪಂಪಿನ ಶಾಖ ಹೊರಗೇ ಉಳಿಯುತ್ತದೆ. ಖರ್ಚಿನ ಮಾತೂ ಬಂತು. 3 ವ್ಯಾಟ್‌ನ ಪಂಪ್ ಹಗಲೂ ರಾತ್ರಿ ಓಡಿದರೆ ತಿಂಗಳಿಗೆ ಎರಡು ಯೂನಿಟ್ಟಿಗಿಂತ ಚೂರು ಹೆಚ್ಚು. 15 ವ್ಯಾಟ್‌ನ ಕ್ಯಾನಿಸ್ಟರ್ ಹತ್ತು ಯೂನಿಟ್ ದಾಟುತ್ತದೆ. ಇದೆಲ್ಲಕ್ಕಿಂತ ನನಗೆ ದೊಡ್ಡದಾಗಿ ಕಾಣುವುದು ಮಕ್ಕಳಿರುವ ಮನೆಯ ಸುರಕ್ಷತೆ: 230 ವೋಲ್ಟಿನ ಮೋಟಾರು ನೀರಿನೊಳಗೆ ಇರುವುದಿಲ್ಲ.

ಇದಕ್ಕೆ ಬರುವ ಆಕ್ಷೇಪಗಳು ಹಗುರವಾದವಲ್ಲ. ಗಂಟೆಗೆ ನೂರು-ಇನ್ನೂರು ಲೀಟರ್ ಎತ್ತುವ ಸ್ಪಂಜು, ಐನೂರು ಲೀಟರ್ ಎತ್ತುವ ಪವರ್ ಫಿಲ್ಟರಿಗೆ ಹೇಗೆ ಸಮ ಎಂಬುದು ಮೊದಲನೆಯದು. ಡಬ್ಬಿಯ ಮೇಲಿನ ಅಂಕಿ ಒಳಗೆ ಹತ್ತಿ, ಸ್ಪಂಜು ಏನೂ ಇಲ್ಲದೆ, ನೀರನ್ನು ಎತ್ತರಕ್ಕೆ ಏರಿಸದೆ ಅಳೆದದ್ದು. ಬಳಕೆಯಲ್ಲಿ ಅದು ಬಹಳ ಇಳಿಯುತ್ತದೆ ಎಂಬುದು ಅರ್ಧ ಉತ್ತರ. ಪೂರ್ತಿ ಉತ್ತರ ಮೇಲಿನ ಲೆಕ್ಕದಲ್ಲೇ ಇದೆ. ಅಮೋನಿಯಾ ಎಷ್ಟು ಹುಟ್ಟುತ್ತದೆ ಎಂಬುದನ್ನು ತೀರ್ಮಾನಿಸುವುದು ನಾವು ಹಾಕುವ ಆಹಾರ, ಪಂಪಿನ ವೇಗವಲ್ಲ. ಅರ್ಧ ಲೀಟರ್ ಗಾತ್ರದ ಒಳ್ಳೆಯ ಸ್ಪಂಜಿನ ತೂತುಗಳ ಒಳಮೈ ಎಲ್ಲ ಬಿಡಿಸಿ ಹಾಸಿದರೆ ಅರ್ಧ ಚದರ ಮೀಟರಿಗಿಂತ ಹೆಚ್ಚಾಗುತ್ತದೆ. ದಿನಕ್ಕೆ 32 ಮಿಲಿಗ್ರಾಂ ಅಮೋನಿಯಾ ತಿನ್ನುವ ಜೀವಿಗಳಿಗೆ ಅಷ್ಟು ಜಾಗ ಧಾರಾಳ. ಅದೂ ಅಲ್ಲದೆ, ಇಲ್ಲಿನ ಗಡಸು ನೀರಿಗೆ ಚೆನ್ನಾಗಿ ಒಗ್ಗುವ ಗಪ್ಪಿ, ಮೋಲಿ, ಪ್ಲಾಟಿ ಮರಿ ಹಾಕುವ ಮೀನುಗಳು. ಪವರ್ ಫಿಲ್ಟರಿನ ಬಾಯಿ ಆ ಮರಿಗಳನ್ನು ಎಳೆದುಕೊಂಡುಬಿಡುತ್ತದೆ, ಸ್ಪಂಜು ಎಳೆಯುವುದಿಲ್ಲ. ಉದ್ದ ರೆಕ್ಕೆಯ ಫೈಟರ್ ಮೀನಿಗಂತೂ ರಭಸದ ಹರಿವೇ ಹಿಂಸೆ.

ನೀರು ಫಳಫಳ ಹೊಳೆಯುವುದಿಲ್ಲ ಎಂಬುದು ಎರಡನೆಯ ಆಕ್ಷೇಪ, ಮತ್ತು ಅದು ಒಂದು ಮಟ್ಟಿಗೆ ನಿಜ. ಸಣ್ಣ ಸಣ್ಣ ಕಣಗಳನ್ನು ಹಿಡಿಯುವುದರಲ್ಲಿ ಹತ್ತಿಯ ಪದರವಿರುವ ಫಿಲ್ಟರ್ ಮುಂದೆ. ಜುಲೈ–ಆಗಸ್ಟ್‌ನಲ್ಲಿ ಕೃಷ್ಣೆಯಲ್ಲಿ ಕೆಂಪು ನೀರು ಬಂದಾಗ ನಳದ ನೀರೂ ಕೆಲವೊಮ್ಮೆ ರಾಡಿಯಾಗುತ್ತದೆ. ಅದನ್ನು ಹಾಗೇ ತೊಟ್ಟಿಗೆ ಸುರಿದು ಸ್ಪಂಜು ತಿಳಿ ಮಾಡಲಿ ಎಂದರೆ ಆಗದು. ಆದರೆ ಆ ಕೆಲಸಕ್ಕೆ ಒಂದು ಬಕೆಟ್ ಸಾಕು. ತುಂಬಿ ಒಂದು ದಿನ ಮುಟ್ಟದೆ ಇಟ್ಟರೆ ಮಣ್ಣು ತಳ ಸೇರುತ್ತದೆ, ಮೇಲಿನ ತಿಳಿಯನ್ನು ಬಳಸಿಕೊಳ್ಳಬಹುದು. ಹಾಗೆ ಇಡುವುದರಿಂದ ಕ್ಲೋರಿನ್ನೂ ಹಾರಿಹೋಗುತ್ತದೆ. ಇದು ಸಣ್ಣ ಮಾತಲ್ಲ. ಕುಡಿಯುವ ನೀರಿಗೆ ಭಾರತೀಯ ಮಾನಕ ಬೇಡುವುದು ಲೀಟರಿಗೆ ಕನಿಷ್ಠ 0.2 ಮಿಲಿಗ್ರಾಂ ಕ್ಲೋರಿನ್. ಅದರ ಹತ್ತನೇ ಒಂದು ಪಾಲೂ ಮೀನಿನ ಕಿವಿರಿಗೆ ಕೇಡು. ಪ್ರವಾಹ ಇಳಿದ ಮೇಲೆ ರೋಗ ಹರಡದಿರಲೆಂದು ಕ್ಲೋರಿನ್ ಪ್ರಮಾಣ ಏರಿಸುವುದು ವಾಡಿಕೆಯಾದ್ದರಿಂದ ಆ ದಿನಗಳಲ್ಲಿ ಬಕೆಟ್ಟಿನ ಜೊತೆಗೆ ಆಂಟಿ-ಕ್ಲೋರಿನ್ ಹನಿಯನ್ನೂ ಬಳಸುವುದು ಒಳ್ಳೆಯದು. ಇನ್ನು ಮನೆಯ ಆರ್‌ಒ ಯಂತ್ರದ ನೀರು ತೀರಾ ಶುದ್ಧವಲ್ಲವೇ, ಅದನ್ನೇ ಹಾಕಿದರೆ ಫಿಲ್ಟರ್ ಯಾಕೆ ಬೇಕು ಎನ್ನುವವರಿದ್ದಾರೆ. ಅಮೋನಿಯಾ ಹುಟ್ಟುವುದು ಮೀನಿನಿಂದ, ನೀರಿನಿಂದಲ್ಲ. ಮೇಲಾಗಿ ಆರ್‌ಒ ನೀರಿನಲ್ಲಿ ಖನಿಜಗಳು ತೀರಾ ಕಡಿಮೆ. ಮೀನಿಗೂ ಅದು ಒಗ್ಗದು, ಸೂಕ್ಷ್ಮಜೀವಿಗಳು ತಮ್ಮ ಕೆಲಸಕ್ಕೆ ಬಳಸುವ ಕ್ಷಾರವೂ ಅದರಲ್ಲಿ ಸಾಲದು.

ಚೆಂದ ಕಾಣುವುದಿಲ್ಲ, ಪಂಪು ಗುಂಯ್‌ಗುಡುತ್ತದೆ ಎಂಬುದು ಮೂರನೆಯದು. ಸ್ಪಂಜನ್ನು ಹಿಂದಿನ ಮೂಲೆಯಲ್ಲಿಟ್ಟು ಮುಂದೆ ವ್ಯಾಲಿಸ್ನೇರಿಯಾದಂಥ ಉದ್ದೆಲೆಯ ಗಿಡ ನೆಟ್ಟರೆ ಕಾಣುವುದಿಲ್ಲ. ಪಂಪಿನ ಸದ್ದು ಬಹುಪಾಲು ಅದು ಕೂತ ಹಲಗೆಯ ನಡುಕ. ಕೆಳಗೆ ದಪ್ಪ ಸ್ಪಂಜಿನ ತುಂಡು ಹಾಸಿದರೆ ಇಳಿಯುತ್ತದೆ.

ಸ್ಪಂಜು ಸಾಕಾಗದ ಸಂದರ್ಭವೂ ಇದೆ, ಅದನ್ನು ಮುಚ್ಚಿಡಬಾರದು. ಗೋಲ್ಡ್‌ಫಿಶ್ ಬಹಳ ತಿನ್ನುವ, ಬಹಳ ಹೊಲಸು ಮಾಡುವ, ಕೈಯಷ್ಟು ಉದ್ದ ಬೆಳೆಯುವ ಮೀನು. ಆಸ್ಕರ್ ಇನ್ನೂ ದೊಡ್ಡದು. ಇವಕ್ಕೆ ಒಂದು ಸ್ಪಂಜು ಸಾಲದು ಎಂಬುದು ನಿಜ, ಆದರೆ ಇವಕ್ಕೆ ಎರಡಡಿಯ ತೊಟ್ಟಿಯೇ ಸಾಲದು. ನೂರು-ಇನ್ನೂರು ಲೀಟರಿನ ತೊಟ್ಟಿ ಇಟ್ಟವರು ಟಾಪ್ ಫಿಲ್ಟರೋ ಕ್ಯಾನಿಸ್ಟರೋ ಹಾಕಿಕೊಳ್ಳಲಿ. ಜೊತೆಗೊಂದು ಸ್ಪಂಜು ಇದ್ದರೆ ಕರೆಂಟ್ ಹೋದ ರಾತ್ರಿಗೆ ಆಧಾರ. ಗಾಜಿನ ಬೋಗುಣಿಯಲ್ಲಿ ಗೋಲ್ಡ್‌ಫಿಶ್ ಇಡುವ ಪದ್ಧತಿಗೆ ಮಾತ್ರ ಯಾವ ಫಿಲ್ಟರನ್ನೂ ನಾನು ಸೂಚಿಸಲಾರೆ. ಅಷ್ಟು ಚಿಕ್ಕ ನೀರಿನಲ್ಲಿ ಅದು ಬದುಕುವುದಿಲ್ಲ, ನಿಧಾನವಾಗಿ ಸಾಯುತ್ತದೆ. ಅಂಗಡಿಯವರು ಬೋಗುಣಿ ಮುಂದಿಟ್ಟರೆ ಬೇಡವೆನ್ನಿ.

ಎಂಥ ಫಿಲ್ಟರ್ ಇದ್ದರೂ ಮೀರಲಾಗದ ಒಂದು ಮಿತಿ ಇದೆ. ಅಮೋನಿಯಾ ಕೊನೆಗೆ ನೈಟ್ರೇಟ್ ಆಗಿ ನೀರಿನಲ್ಲೇ ಉಳಿಯುತ್ತದೆ. ಅದು ಕಡಿಮೆಯಾಗುವುದು ನೀರು ಬದಲಿಸಿದಾಗ ಇಲ್ಲವೇ ಗಿಡಗಳು ಹೀರಿದಾಗ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ ಎಂಬ ಸಲಹೆ ನಳದ ನೀರಿನವರಿಗೆ ಸರಿ. ಕಬ್ಬಿನ ಹೊಲಗಳ ನಡುವಿನ ಬಾವಿ, ಬೋರಿನ ನೀರು ಬಳಸುವವರು ಒಮ್ಮೆ ನೈಟ್ರೇಟ್ ಪರೀಕ್ಷೆ ಮಾಡಿಸಿ ನೋಡಬೇಕು. ಗೊಬ್ಬರ ಇಂಗಿ ಬಂದ ನೈಟ್ರೇಟ್ ಆ ನೀರಿನಲ್ಲಿ ಮೊದಲೇ ತುಂಬಿರಬಹುದು. ಕುಡಿಯುವ ನೀರಿಗೆ ಮಾನಕದ ಮಿತಿ ಲೀಟರಿಗೆ 45 ಮಿಲಿಗ್ರಾಂ. ಅದನ್ನೇ ಮೀರಿದ ನೀರಿದ್ದರೆ ಎಷ್ಟು ಬದಲಿಸಿದರೂ ತೊಟ್ಟಿಯಲ್ಲಿ ನೈಟ್ರೇಟ್ ಇಳಿಯದು, ಮತ್ತು ಆಗ ಚಿಂತಿಸಬೇಕಾದ್ದು ಮೀನಿಗಿಂತ ಮೊದಲು ಮನೆಯ ಕೂಸುಗಳ ಬಗ್ಗೆ. ಅಂಥ ಮನೆಗಳ ತೊಟ್ಟಿಗೆ ಮಳೆನೀರು ಬೆರೆಸುವುದು, ಬೇರು ನೀರಿನಲ್ಲಿರುವಂತೆ ಮನಿಪ್ಲಾಂಟ್ ಇಳಿಬಿಡುವುದು ನೆರವಾಗುತ್ತದೆ.

ಇನ್ನು ಕೊಳ್ಳುವ, ಕೂರಿಸುವ ವಿವರ. ಸ್ಪಂಜು ಒರಟಾಗಿರಲಿ, ತೀರಾ ನಯವಾದದ್ದು ವಾರದಲ್ಲಿ ಕಟ್ಟಿಕೊಳ್ಳುತ್ತದೆ. ಎರಡು ಉಂಡೆಯ ಮಾದರಿ ಸಿಕ್ಕರೆ ಅದೇ ಒಳ್ಳೆಯದು, ಒಂದನ್ನು ಈ ಸಲ, ಇನ್ನೊಂದನ್ನು ಮುಂದಿನ ಸಲ ತೊಳೆಯಬಹುದು. ತೊಳೆಯುವುದು ನಳದ ಕೆಳಗೆ ಅಲ್ಲ. ಕ್ಲೋರಿನ್ ಇರುವ ನೀರಿನಲ್ಲಿ ಸೋಪು ಹಚ್ಚಿ ಬೆಳ್ಳಗೆ ತಿಕ್ಕಿದ ಸ್ಪಂಜು ಚೊಕ್ಕವಾಗಿ ಕಾಣುತ್ತದೆ, ಆದರೆ ಆರು ವಾರ ಕಾದು ಬೆಳೆಸಿದ ಜೀವಿಗಳೆಲ್ಲ ಮೋರಿ ಪಾಲಾಗಿರುತ್ತವೆ. ತೊಟ್ಟಿಯಿಂದ ತೆಗೆದ ಹಳೆ ನೀರನ್ನೇ ಬಕೆಟ್ಟಿನಲ್ಲಿಟ್ಟು ಅದರಲ್ಲಿ ನಾಲ್ಕು ಸಲ ಹಿಂಡಿದರೆ ಸಾಕು. ಕಂದು ಬಣ್ಣ ಉಳಿದಿದ್ದರೆ ಉಳಿಯಲಿ. ಹೊಸ ತೊಟ್ಟಿಗೆ ಮೊದಲ ದಿನವೇ ಹತ್ತು ಮೀನು ಬಿಡದೆ, ಪರಿಚಯದವರ ಹಳೆಯ, ರೋಗವಿಲ್ಲದ ತೊಟ್ಟಿಯ ಸ್ಪಂಜು ಹಿಂಡಿದ ನೀರನ್ನು ತಂದು ಹೊಸ ಸ್ಪಂಜಿಗೆ ಸುರಿದು, ಎರಡು ಮೀನಿನಿಂದ ಶುರುಮಾಡಿ, ಅಮೋನಿಯಾ ಹಾಗೂ ನೈಟ್ರೈಟ್ ಪರೀಕ್ಷೆಯ ಕಿಟ್ ಸೊನ್ನೆ ತೋರಿಸಿದ ಮೇಲೆ ಒಂದೊಂದಾಗಿ ಹೆಚ್ಚಿಸಬೇಕು. ಕಾರ್ಬನ್, ಬಯೋಬಾಲ್ ಎಂದು ಡಬ್ಬಿಯಲ್ಲಿ ಬರುವ ಮಿಕ್ಕ ಸಾಮಾನು ಸಣ್ಣ ತೊಟ್ಟಿಗೆ ಬೇಕಿಲ್ಲ. ಔಷಧ ಹಾಕಿದ ನೀರಿನಿಂದ ಅದನ್ನು ತೆಗೆಯಲು ಕಾರ್ಬನ್ ಉಪಯೋಗ, ಅಷ್ಟೇ. ಏರ್ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಿ. ಕೆಳಗಿಟ್ಟರೆ ಕರೆಂಟ್ ಹೋದಾಗ ನೀರು ಕೊಳವೆಯಲ್ಲಿ ಹಿಂದಕ್ಕೆ ಹರಿದು ಪಂಪಿಗೆ, ಅಲ್ಲಿಂದ ಪ್ಲಗ್ಗಿಗೆ ಬರುತ್ತದೆ. ಮೇಲಿಡಲು ಜಾಗವಿಲ್ಲದಿದ್ದರೆ ಕೊಳವೆಯ ನಡುವೆ ಚೆಕ್ ವಾಲ್ವ್ ಕಡ್ಡಾಯ. ಅದು ಇಪ್ಪತ್ತು-ಮೂವತ್ತು ರೂಪಾಯಿಯ ವಸ್ತು. ಪಂಪಿನೊಳಗಿನ ರಬ್ಬರ್ ಪೊರೆ ಕಾಲಕ್ರಮದಲ್ಲಿ ಹರಿಯುವುದರಿಂದ ಬಿಡಿ ಪೊರೆಯೊಂದು ಮನೆಯಲ್ಲಿರಲಿ.

ಬ್ಯಾಟರಿಯ ವಿಚಾರದಲ್ಲಿ ಜಿಪುಣತನ ಬೇಡ. ಮನೆಯಲ್ಲಿ ಇನ್ವರ್ಟರ್ ಇದ್ದರೆ ಏರ್ ಪಂಪಿನ ಪ್ಲಗ್ ಅದರ ಸಾಲಿಗೇ ಇರಲಿ. 3 ವ್ಯಾಟ್ ಅದಕ್ಕೆ ಲೆಕ್ಕಕ್ಕೇ ಬಾರದು. ಇಲ್ಲದಿದ್ದರೆ ಕರೆಂಟ್ ಹೋದ ಕ್ಷಣ ತಾನೇ ಚಾಲೂ ಆಗುವ ರೀಚಾರ್ಜೆಬಲ್ ಏರ್ ಪಂಪ್ ಕೊಳ್ಳಿ. 2019ರ ಆಗಸ್ಟ್‌ನಲ್ಲಿ ಸಾಂಗಲಿಯ ಐರ್ವಿನ್ ಸೇತುವೆಯ ಬಳಿ ಕೃಷ್ಣೆ 57 ಅಡಿ ದಾಟಿದಾಗ, ಅಲ್ಲಿನ ಅಪಾಯದ ಮಟ್ಟವೇ 45 ಅಡಿ, ಎಷ್ಟೋ ಬಡಾವಣೆಗಳಲ್ಲಿ ವಿದ್ಯುತ್ತು ದಿನಗಟ್ಟಲೆ ಇರಲಿಲ್ಲ. 2021ರ ಜುಲೈನಲ್ಲಿ ಮತ್ತೆ ನೀರು ಊರೊಳಗೆ ಬಂತು. ನದಿ ಏರುತ್ತಿದೆ ಎಂಬ ಸುದ್ದಿ ಬಂದ ದಿನವೇ ಬಕೆಟ್‌ಗಳಲ್ಲಿ ನೀರು ತುಂಬಿಟ್ಟು, ಬ್ಯಾಟರಿ ಪೂರ್ತಿ ಚಾರ್ಜ್ ಮಾಡಿ, ಮೀನಿಗೆ ಆಹಾರ ಹಾಕುವುದನ್ನು ನಿಲ್ಲಿಸಬೇಕು. ಬೆಳೆದ, ಆರೋಗ್ಯವಂತ ಮೀನು ಒಂದು ವಾರ ಉಪವಾಸವಿದ್ದರೂ ತಡೆಯುತ್ತದೆ. ಆಹಾರ ನಿಂತರೆ ಅಮೋನಿಯಾ ಇಳಿಯುತ್ತದೆ, ಅದನ್ನು ತಿನ್ನಲು ಬೇಕಾದ ಆಮ್ಲಜನಕವೂ ಉಳಿಯುತ್ತದೆ. ಬ್ಯಾಟರಿಯೂ ಮುಗಿದರೆ ತಂಬಿಗೆಯಲ್ಲಿ ತೊಟ್ಟಿಯ ನೀರನ್ನೇ ಮೊಗೆದು ಒಂದಡಿ ಎತ್ತರದಿಂದ ಮತ್ತೆ ಸುರಿಯಿರಿ, ತಾಸಿಗೆ ನಾಲ್ಕೈದು ಸಲ. ಮನೆ ಬಿಡಬೇಕಾಗಿ ಬಂದರೆ ಅರ್ಧ ನೀರು, ಅರ್ಧ ಗಾಳಿ ತುಂಬಿದ ದಪ್ಪ ಪ್ಲಾಸ್ಟಿಕ್ ಚೀಲದಲ್ಲಿ ಮೀನುಗಳನ್ನೂ, ಒದ್ದೆ ಬಟ್ಟೆ ಸುತ್ತಿದ ಸ್ಪಂಜನ್ನೂ ಎತ್ತರದ ಬಡಾವಣೆಯ ನೆಂಟರ ಮನೆಗೆ ಒಯ್ಯಿರಿ. ಹೊಳೆಗೆ ಬಿಡಬೇಡಿ, ಮನಸ್ಸು ಎಷ್ಟೇ ಮರುಗಿದರೂ. ತೊಟ್ಟಿ ತೊಳೆಯುತ್ತದೆಂದು ಮಾರುವ ಸಕ್ಕರ್ ಮೀನು ಹೀಗೆಯೇ ಬಿಡುಗಡೆಯಾಗಿ ಆಂಧ್ರದ ನದಿ, ಕೆರೆಗಳಲ್ಲಿ ಹಬ್ಬಿ ಮೀನುಗಾರರ ಬಲೆಗಳನ್ನು ಹರಿಯುತ್ತಿದೆ.